ತನ್ನನ್ನೇ ಸುಳ್ಳು ಅನ್ನುವ ವಾಕ್ಯ ಎದುರಾದರೆ ಏನು ಮಾಡಬೇಕು

"ಈ ಗೋಡೆಯ ಮೇಲೆ ಏನೂ ಬರೆಯಬಾರದು." ವಿಜಯಪುರ, ಬಾಗಲಕೋಟೆ, ಬೆಳಗಾವಿ, ಯಾವ ಊರಿಗೆ ಹೋದರೂ ಒಂದಲ್ಲ ಒಂದು ಕಾಂಪೌಂಡ್ ಗೋಡೆಯ ಮೇಲೆ ಇದು ದಪ್ಪ ಅಕ್ಷರದಲ್ಲಿ ಕಾಣುತ್ತದೆ. ಬರೆಯಬಾರದು ಅನ್ನುವ ಮಾತನ್ನೇ ಗೋಡೆ ಮೇಲೆ ಬರೆದಿದ್ದಾರಲ್ಲ, ಇದು ಪ್ಯಾರಡಾಕ್ಸ್, ಅಂದರೆ ನಿಜ ಅಂದರೂ ಸುಳ್ಳು ಅಂದರೂ ತನಗೆ ತಾನೇ ಅಡ್ಡ ಬರುವ ಮಾತು, ಅಲ್ವಾ? ಅಲ್ಲ. ಆದರೆ ಯಾಕೆ ಅಲ್ಲ ಅಂತ ಬಿಡಿಸಿ ಹೇಳಲು ಸ್ವಲ್ಪ ಕೆಲಸ ಮಾಡಬೇಕಾಗುತ್ತದೆ. ಆ ಕೆಲಸ ಹೇಗೆ ಮಾಡುವುದು ಅಂತ ಇಲ್ಲಿ ಬರೆಯುತ್ತಿದ್ದೇನೆ. ಫಿಲಾಸಫಿ ಓದಿರಬೇಕು ಅಂತೇನಿಲ್ಲ. ಒಂದು ಹಾಳೆ, ಒಂದು ಪೆನ್ನು, ಸ್ವಲ್ಪ ಪುರುಸೊತ್ತು ಇದ್ದರೆ ಸಾಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಂಥ ವಾಕ್ಯ ಎದುರಾದಾಗ ಕೆಲವರು "ಅಯ್ಯೋ ಬಿಡಿ, ಬರೀ ಮಾತಿನ ಆಟ" ಅಂತ ಕೈ ಕೊಡವಿಬಿಡುತ್ತಾರೆ. ಇನ್ನು ಕೆಲವರು "ತನ್ನ ಬಗ್ಗೆ ತಾನೇ ಮಾತಾಡುವ ವಾಕ್ಯಕ್ಕೆ ಅರ್ಥವೇ ಇಲ್ಲ" ಅಂತ ಒಂದೇ ಏಟಿಗೆ ಎಲ್ಲವನ್ನೂ ಹೊರಗೆ ಹಾಕುತ್ತಾರೆ. ಎರಡೂ ಸರಿಯಲ್ಲ. ವಾಕ್ಯ ತನ್ನ ಬಗ್ಗೆ ತಾನು ಮಾತಾಡುವುದು ತಪ್ಪಲ್ಲ. ಹಾಗೆ ಮಾತಾಡುವ ಎಷ್ಟೋ ವಾಕ್ಯಗಳು ಯಾರಿಗೂ ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವವು ಹೊರಗಿನಿಂದ ಒಂದೇ ಥರ ಕಂಡರೂ ಅವುಗಳ ಒಳಗಿನ ದೋಷ ಬೇರೆ ಬೇರೆ, ಹಾಗಾಗಿ ಒಂದೊಂದನ್ನೂ ತಾಳ್ಮೆಯಿಂದ ಬಿಚ್ಚಿಯೇ ನೋಡಬೇಕು.

ಮೊದಲು ಬರೆದುಕೊಳ್ಳಿ

ಬಾಯಿಮಾತಿನಲ್ಲಿ ವಾಕ್ಯ ಜಾರುತ್ತಿರುತ್ತದೆ. ಒಮ್ಮೆ "ಎಲ್ಲ" ಅಂತ ಇರುತ್ತದೆ, ಎರಡನೇ ಸಲ ಹೇಳುವಾಗ "ಬಹಳಷ್ಟು" ಆಗಿರುತ್ತದೆ. ಚಾ ಅಂಗಡಿ ಮುಂದಿನ ವಾದಗಳು ಮುಗಿಯದೇ ಇರುವುದಕ್ಕೆ ಇದು ದೊಡ್ಡ ಕಾರಣ. ಹಾಗಾಗಿ ವಾಕ್ಯವನ್ನು ಹೇಳಿದ ಹಾಗೇ, ಒಂದು ಪದವೂ ಆಚೀಚೆ ಆಗದಂತೆ ಬರೆದುಕೊಂಡು ಅದಕ್ಕೊಂದು ಹೆಸರಿಡಿ. "ಕ" ಅಂತ ಇಟ್ಟರೂ ಆಯ್ತು. ಆಮೇಲೆ "ಅದು", "ಇದು" ಅಂತ ತಡಕಾಡುವ ಕಷ್ಟ ಇರುವುದಿಲ್ಲ.

ಬರೆದಾದ ಮೇಲೆ ಒಂದು ಪ್ರಶ್ನೆ ಕೇಳಿ: ಈ ವಾಕ್ಯಕ್ಕೆ ನಿಜ ಅಥವಾ ಸುಳ್ಳು ಅಂತ ಹೇಳಲು ಬರುತ್ತದಾ? ಗೋಡೆಯ ವಾಕ್ಯಕ್ಕೆ ಬರುವುದಿಲ್ಲ. ಅದು ಅಪ್ಪಣೆ. ಅಪ್ಪಣೆಯನ್ನು ಪಾಲಿಸಬಹುದು, ಮುರಿಯಬಹುದು. ಬರೆದವರು ಬರೆಯುತ್ತಲೇ ಅದನ್ನು ಮುರಿದಿದ್ದಾರೆ, ಅಷ್ಟೇ. ಗ್ರಂಥಾಲಯದಲ್ಲಿ "ಯಾರೂ ಸದ್ದು ಮಾಡಬೇಡಿ" ಅಂತ ಜೋರಾಗಿ ಕೂಗಿದವರದ್ದೂ ಇದೇ ಕಥೆ. ನಡೆ ನುಡಿ ತಾಳೆಯಾಗಲಿಲ್ಲ ಅನ್ನಬಹುದು, ತರ್ಕ ಮುರಿದುಬಿತ್ತು ಅನ್ನಲು ಬರುವುದಿಲ್ಲ.

ಎರಡೂ ಕಡೆಯಿಂದ ಕೊನೆವರೆಗೂ ಹೋಗಿ

ಈಗ ನಿಜ ಅಥವಾ ಸುಳ್ಳು ಅಂತ ಹೇಳಬಹುದಾದ ವಾಕ್ಯ ಕೈಯಲ್ಲಿದೆ ಅಂತ ಇಟ್ಟುಕೊಳ್ಳಿ. ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ "ಕ ನಿಜ" ಅಂತ ಶುರು ಮಾಡಿ, ಬಲಗಡೆ "ಕ ಸುಳ್ಳು" ಅಂತ ಶುರು ಮಾಡಿ. ಎರಡೂ ಕಡೆ ಏನೇನು ಬರುತ್ತದೆ ಅಂತ ಒಂದೊಂದೇ ಸಾಲು ಬರೆಯುತ್ತಾ ಹೋಗಿ, ಅರ್ಧಕ್ಕೆ ನಿಲ್ಲಿಸಬೇಡಿ. ಬರೆದದ್ದು ತನಗೆ ತಾನೇ ವಿರುದ್ಧವಾದರೆ ಆ ಕಡೆ ಮುರಿಯಿತು ಅನ್ನೋಣ. ಎಡಗಡೆ ಮಾತ್ರ ಮುರಿದರೆ ವಾಕ್ಯ ಸುಳ್ಳು, ಬಲಗಡೆ ಮಾತ್ರ ಮುರಿದರೆ ನಿಜ. ಎರಡೂ ಮುರಿದರೆ ಆಗ ನಿಮ್ಮ ಕೈಯಲ್ಲಿರುವುದು ನಿಜವಾದ ಪ್ಯಾರಡಾಕ್ಸ್. ಎರಡೂ ಮುರಿಯದೇ ಹೋದರೆ ಅದು ಬೇರೆಯದೇ ವಿಚಿತ್ರ, ಅದಕ್ಕೆ ಆಮೇಲೆ ಬರುತ್ತೇನೆ.

"ಎಲ್ಲ ನಿಯಮಕ್ಕೂ ಅಪವಾದ ಇದ್ದೇ ಇರುತ್ತದೆ" ಅನ್ನುವ ಮಾತನ್ನು ತೆಗೆದುಕೊಳ್ಳಿ. ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುವ ಮಾತು. ಇದೂ ಒಂದು ನಿಯಮ. ಎಡಗಡೆ: ಇದು ನಿಜ ಅಂದರೆ ಇದಕ್ಕೂ ಅಪವಾದ ಇರಬೇಕು, ಅಂದರೆ ಅಪವಾದವೇ ಇಲ್ಲದ ಒಂದು ನಿಯಮ ಎಲ್ಲೋ ಇರಬೇಕು, ಹಾಗಾದರೆ ಇದು ನಿಜ ಅಲ್ಲ. ಮುರಿಯಿತು. ಬಲಗಡೆ: ಇದು ಸುಳ್ಳು ಅಂದರೆ ಯಾವುದೋ ಒಂದು ನಿಯಮಕ್ಕೆ ಅಪವಾದ ಇಲ್ಲ. ಅದರಲ್ಲಿ ತೊಂದರೆ ಏನಿದೆ? ಏನೂ ಇಲ್ಲ. ಹಾಗಾಗಿ ಇದು ಪ್ಯಾರಡಾಕ್ಸ್ ಅಲ್ಲ, ಬರೀ ಸುಳ್ಳು ವಾಕ್ಯ.

ಕ್ರೀಟ್ ದ್ವೀಪದ ಎಪಿಮೆನಿಡೀಸ್ "ಕ್ರೀಟಿನವರೆಲ್ಲ ಯಾವಾಗಲೂ ಸುಳ್ಳು ಹೇಳುತ್ತಾರೆ" ಅಂದನಂತೆ ಅನ್ನುವುದು ಈ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಸಿದ್ಧವಾದ ಉದಾಹರಣೆ. ಬಹಳ ಕಡೆ ಇದನ್ನೇ ಸುಳ್ಳುಗಾರನ ಪ್ಯಾರಡಾಕ್ಸ್ ಅಂತ ಬರೆದಿರುತ್ತಾರೆ. ಗೆರೆ ಎಳೆದು ನೋಡಿ. ನಿಜ ಅಂದರೆ ಮುರಿಯುತ್ತದೆ, ಸುಳ್ಳು ಅಂದರೆ ಮುರಿಯುವುದಿಲ್ಲ. ಯಾರೋ ಒಬ್ಬ ಕ್ರೀಟಿನವನು ಯಾವತ್ತೋ ಒಂದು ನಿಜ ಹೇಳಿದ್ದಾನೆ ಅಂತಾಯಿತು, ಆತ ಎಪಿಮೆನಿಡೀಸನೇ ಆಗಬೇಕಿಲ್ಲ. ಇಲ್ಲಿ ಎಡವುವ ಜಾಗ ಯಾವುದು ಅಂದರೆ, "ಎಲ್ಲರೂ ಸುಳ್ಳು ಹೇಳುತ್ತಾರೆ" ಅನ್ನುವುದು ಸುಳ್ಳಾದ ತಕ್ಷಣ "ಎಲ್ಲರೂ ನಿಜ ಹೇಳುತ್ತಾರೆ" ಅಂತ ತಿರುಗಿಸಿಬಿಡುವುದು. "ಎಲ್ಲ" ಅನ್ನುವುದು ಸುಳ್ಳಾಗಲು ಒಬ್ಬ ಸಾಕು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಈ ಒಂದು ಸಾಲನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ರೀಸನಿಂಗ್ ಪ್ರಶ್ನೆಗಳಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಆದರೂ ಎಪಿಮೆನಿಡೀಸನ ಮಾತಿನಲ್ಲಿ ಒಂದು ಕಸಿವಿಸಿ ಉಳಿಯುತ್ತದೆ. ಒಬ್ಬ ಆ ಮಾತನ್ನು ಆಡಿದ ಅನ್ನುವುದೊಂದರಿಂದಲೇ, ದ್ವೀಪದಲ್ಲಿ ಎಂದೋ ಯಾರೋ ನಿಜ ಹೇಳಿದ್ದಾರೆ ಅಂತ ಕೂತಲ್ಲೇ ಸಾಬೀತಾಗಿಬಿಟ್ಟಿತಲ್ಲ? ದ್ವೀಪದಲ್ಲಿ ಅವನೊಬ್ಬನೇ ಇದ್ದು, ಜೀವನದಲ್ಲಿ ಆಡಿದ್ದು ಅದೊಂದೇ ಮಾತು ಆಗಿದ್ದರೆ? ಆಗ ಎರಡೂ ಕಡೆ ಮುರಿಯುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಗೋಕಾಕದ ಕಟ್ಟೆಯ ಮೇಲೆ ಮತ್ತೆ ಬೇಕಾಗುತ್ತದೆ.

ಎರಡೂ ಕಡೆ ನೇರವಾಗಿ ಮುರಿಯುವ ವಾಕ್ಯ ಮಿಲೇಟಸ್ಸಿನ ಗ್ರೀಕ್ ತತ್ವಜ್ಞಾನಿ ಯೂಬುಲಿಡೀಸನ ಹೆಸರಿನಲ್ಲಿದೆ, ಕ್ರಿ.ಪೂ. 4ನೇ ಶತಮಾನದ್ದು. ಇವತ್ತಿನ ರೂಪದಲ್ಲಿ ಬರೆದರೆ: "ಈ ವಾಕ್ಯ ಸುಳ್ಳು." ನಿಜ ಅಂದರೆ, ಅದು ಹೇಳಿದ ಹಾಗೆ ಸುಳ್ಳಾಗಬೇಕು. ಸುಳ್ಳು ಅಂದರೆ, ಅದು ಹೇಳಿದ್ದೇ ನಡೆದಿದೆ, ಹಾಗಾದರೆ ನಿಜ. ಇಲ್ಲಿ ತಪ್ಪಿಸಿಕೊಳ್ಳಲು ಸಂದಿಯೇ ಇಲ್ಲ. ಸುಳ್ಳುಗಾರನ ವಾಕ್ಯ ಅಂತ ಮುಂದೆ ಹೇಳುವುದು ಇದನ್ನೇ.

ಇಂಥದ್ದು ಇಲ್ಲವೇ ಇಲ್ಲ ಅಂದರೆ ಏನು ಕಳೆದುಕೊಳ್ಳುತ್ತೇವೆ?

ಬೆಳಗಾವಿ ಜಿಲ್ಲೆಯ ಒಂದು ಸಣ್ಣ ಹಳ್ಳಿ ಅಂದುಕೊಳ್ಳಿ. ಅಲ್ಲೊಬ್ಬ ಕ್ಷೌರದವನು. ಊರಲ್ಲಿ ಯಾರು ಯಾರು ತಮ್ಮ ಗಡ್ಡ ತಾವೇ ಬೋಳಿಸಿಕೊಳ್ಳುವುದಿಲ್ಲವೋ ಅವರೆಲ್ಲರ ಗಡ್ಡವನ್ನೂ ಅವನು ಬೋಳಿಸುತ್ತಾನೆ, ಬೇರೆ ಯಾರ ಗಡ್ಡವನ್ನೂ ಮುಟ್ಟುವುದಿಲ್ಲ. ಅವನೂ ಅದೇ ಊರಿನವನು. ಅವನ ಗಡ್ಡ ಯಾರು ಬೋಳಿಸುತ್ತಾರೆ? ಗೆರೆ ಎಳೆದು ನೋಡಿದರೆ ಎರಡೂ ಕಡೆ ಮುರಿಯುತ್ತದೆ. ಆದರೆ ಗಾಬರಿ ಬೇಡ. ಇದರ ಉತ್ತರ ಒಂದೇ ಸಾಲು: ಅಂಥ ಕ್ಷೌರದವನು ಇರಲು ಸಾಧ್ಯವಿಲ್ಲ. ನಾವು ಕಥೆ ಕಟ್ಟಿದೆವು, ಕಥೆ ನಿಲ್ಲಲಿಲ್ಲ. ಅವನು ಇಲ್ಲ ಅಂದರೆ ನಮಗೆ ಯಾವ ನಷ್ಟವೂ ಇಲ್ಲ.

ಬ್ರಿಟಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಹೆಸರಿನ ಜೊತೆ ಈ ಕಥೆ ಅಂಟಿಕೊಂಡಿದೆ, ಆದರೆ ಅವರು 1918ರ ಉಪನ್ಯಾಸಗಳಲ್ಲಿ ಇದು ತನ್ನ ಪ್ಯಾರಡಾಕ್ಸಿನಂಥದ್ದಲ್ಲ ಅಂತ ತಾವೇ ಹೇಳಿದ್ದರು. ಅವರದ್ದು ಗಣಗಳ ಬಗ್ಗೆ: ತನ್ನೊಳಗೆ ತಾನು ಇಲ್ಲದ ಗಣಗಳನ್ನೆಲ್ಲ ಒಟ್ಟು ಸೇರಿಸಿ ಒಂದು ಗಣ ಮಾಡಿದರೆ, ಆ ಗಣ ತನ್ನೊಳಗೆ ತಾನು ಇದೆಯೋ ಇಲ್ಲವೋ? ಲೆಕ್ಕ ಕ್ಷೌರದವನದ್ದೇ. ಆದರೆ ಇಲ್ಲಿ "ಅಂಥ ಗಣ ಇಲ್ಲ" ಅಂತ ಸುಮ್ನೆ ಹೇಳಿ ಎದ್ದು ಹೋಗಲು ಬರುವುದಿಲ್ಲ. ಜರ್ಮನಿಯ ಗಾಟ್ಲೋಬ್ ಫ್ರೇಗೆ ಲೆಕ್ಕದ ಇಡೀ ಬುಡವನ್ನು ತರ್ಕದ ಮೇಲೆ ಕಟ್ಟುತ್ತಿದ್ದರು, ಮತ್ತು ಯಾವ ಗುಣ ಹೇಳಿದರೂ ಆ ಗುಣ ಇರುವವುಗಳ ಒಂದು ಗುಂಪು ಇದ್ದೇ ಇರುತ್ತದೆ ಅನ್ನುವುದು ಆ ಬುಡದ ಒಂದು ಕಲ್ಲು. ರಸೆಲ್ 1902ರ ಜೂನ್ 16ರಂದು ಅವರಿಗೆ ಪತ್ರ ಬರೆದು ಈ ತೊಡಕನ್ನು ತಿಳಿಸಿದಾಗ ಫ್ರೇಗೆಯ ಪುಸ್ತಕದ ಎರಡನೇ ಸಂಪುಟ ಅಚ್ಚಿನಲ್ಲಿತ್ತು. ಫ್ರೇಗೆ ಒಂದು ವಾರದೊಳಗೆ ಉತ್ತರ ಬರೆದರು. 1903ರಲ್ಲಿ ಸಂಪುಟ ಹೊರಬಂದಾಗ ಕೊನೆಗೆ ಒಂದು ಅನುಬಂಧ ಸೇರಿಸಿ, ತನ್ನ ಕಟ್ಟಡದ ಬುಡ ಅಲುಗಾಡಿದೆ ಅಂತ ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡರು. ಜೀವಮಾನದ ಕೆಲಸಕ್ಕೆ ಹೀಗಾದಾಗ ಒಬ್ಬ ಮನುಷ್ಯ ಇಷ್ಟು ನೇರವಾಗಿ ನಡೆದುಕೊಂಡದ್ದು ನನಗೆ ತರ್ಕಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ಮುಂದೆ 1908ರಲ್ಲಿ ಜರ್ಮನಿಯ ಗಣಿತಜ್ಞ ಜರ್ಮೆಲೊ ಬೇರೆ ನಿಯಮ ಕೊಟ್ಟರು. ಗುಣ ಹೇಳಿದ ಮಾತ್ರಕ್ಕೆ ಗಣ ಸಿಗುವುದಿಲ್ಲ, ಮೊದಲೇ ಇರುವ ಗಣದೊಳಗಿಂದ ಮಾತ್ರ ಆರಿಸಿಕೊಳ್ಳಬಹುದು. ಅಂದರೆ ಕೊನೆಗೂ "ಅಂಥ ಗಣ ಇಲ್ಲ" ಅನ್ನುವ ಉತ್ತರವೇ ಗೆದ್ದಿತು, ಆದರೆ ಅದಕ್ಕೆ ಹೊಸ ಬುಡ ಹಾಕಬೇಕಾಯಿತು. ಆದ್ದರಿಂದಲೇ ಈ ಹಂತದಲ್ಲಿ ಕೇಳಬೇಕಾದ ಪ್ರಶ್ನೆ: ಇದು ಇಲ್ಲ ಅಂದುಬಿಟ್ಟರೆ ನಾನು ಬೇರೆ ಏನನ್ನು ಬಿಟ್ಟುಕೊಡಬೇಕು?

"ಈ ವಾಕ್ಯ ಸುಳ್ಳು" ಅನ್ನುವುದಕ್ಕೆ ಈ ದಾರಿಯೂ ಇಲ್ಲ. ವಾಕ್ಯ ಇಲ್ಲ ಅನ್ನಲು ಹೇಗೆ ಬರುತ್ತದೆ, ಹಾಳೆಯ ಮೇಲೆ ಬರೆದಿದೆ. ಪದಗಳ ಪ್ಯಾರಡಾಕ್ಸೂ ಇದೇ ಜಾತಿಯದು. 1908ರಲ್ಲಿ ಗ್ರೆಲಿಂಗ್ ಮತ್ತು ನೆಲ್ಸನ್ ಇದನ್ನು ಅಚ್ಚು ಮಾಡಿದರು, ನಾವು ಕನ್ನಡದ ಪದಗಳಿಂದಲೇ ಮಾಡೋಣ. "ತತ್ಸಮ" ಅನ್ನುವ ಪದ ತತ್ಸಮವೇ, ತನ್ನ ಅರ್ಥ ತನಗೆ ಹೊಂದುತ್ತದೆ. "ತದ್ಭವ" ಅನ್ನುವ ಪದವೂ ತತ್ಸಮವೇ, ಹಾಗಾಗಿ ತನಗೆ ಹೊಂದುವುದಿಲ್ಲ. "ನಾಮಪದ" ಹೊಂದುತ್ತದೆ, "ಕ್ರಿಯಾಪದ" ಹೊಂದುವುದಿಲ್ಲ. "ನಾಲ್ಕಕ್ಷರ" ಹೊಂದುತ್ತದೆ, "ಮೂರಕ್ಷರ" ಹೊಂದುವುದಿಲ್ಲ, ಎಣಿಸಿ ನೋಡಿ. ಈಗ ತನ್ನ ಅರ್ಥ ತನಗೆ ಹೊಂದದ ಪದಗಳಿಗೆಲ್ಲ "ಹೊಂದದ ಪದ" ಅಂತ ಹೆಸರಿಟ್ಟರೆ, "ಹೊಂದದ" ಅನ್ನುವ ಪದ ಯಾವ ಕಡೆ ಸೇರುತ್ತದೆ? ಗೆರೆ ಎಳೆಯುವ ಕೆಲಸ ನಿಮ್ಮದು.

ಏನೇನು ಸೇರಿದರೆ ಸಿಡಿಯುತ್ತದೆ

"ಈ ವಾಕ್ಯದಲ್ಲಿ ನಾಲ್ಕು ಪದಗಳಿವೆ." ಎಣಿಸಿ. ನಾಲ್ಕೇ ಇವೆ, ವಾಕ್ಯ ನಿಜ. "ಈ ವಾಕ್ಯದಲ್ಲಿ ಐದು ಪದಗಳಿವೆ." ಸುಳ್ಳು, ನಾಲ್ಕಿವೆ. ಎರಡೂ ತಮ್ಮ ಬಗ್ಗೆಯೇ ಮಾತಾಡುತ್ತಿವೆ, ಎರಡರಲ್ಲೂ ಕಿಂಚಿತ್ತೂ ತೊಂದರೆ ಇಲ್ಲ. ಸ್ವಂತದ ಬಗ್ಗೆ ಮಾತಾಡುವ ವಾಕ್ಯಕ್ಕೆ ಅರ್ಥವಿಲ್ಲ ಅನ್ನುವವರಿಗೆ ಇವೆರಡನ್ನು ಬರೆದು ತೋರಿಸಿ.

ಈಗ "ಈ ವಾಕ್ಯ ನಿಜ." ಇಲ್ಲಿ ಸ್ವಂತದ ಮಾತೂ ಇದೆ, ನಿಜ ಅನ್ನುವ ಮಾತೂ ಇದೆ, "ಅಲ್ಲ" ಮಾತ್ರ ಇಲ್ಲ. ನಿಜ ಅಂದರೂ ಮುರಿಯುವುದಿಲ್ಲ, ಸುಳ್ಳು ಅಂದರೂ ಮುರಿಯುವುದಿಲ್ಲ. ನಾನು ಆಮೇಲೆ ಬರುತ್ತೇನೆ ಅಂದಿದ್ದ ವಿಚಿತ್ರ ಇದೇ. ಇದು ನಿಜವೋ ಸುಳ್ಳೋ ಅಂತ ತೀರ್ಮಾನ ಮಾಡಲು ಲೋಕದಲ್ಲಿ ಯಾವ ಆಧಾರವೂ ಇಲ್ಲ. ಪದಗಳ ಲೆಕ್ಕವಾದರೆ ಎಣಿಸಬಹುದಿತ್ತು, ಇಲ್ಲಿ ಎಣಿಸಲು ಏನೂ ಇಲ್ಲ, ವಾಕ್ಯ ತನ್ನನ್ನೇ ಸಾಕ್ಷಿಗೆ ಕರೆಯುತ್ತಿದೆ.

ಹಾಗಾದರೆ "ಈ ವಾಕ್ಯ" ಅನ್ನುವ ಎರಡು ಪದಗಳನ್ನು ನಿಷೇಧ ಮಾಡಿಬಿಟ್ಟರೆ? ಆಗುವುದಿಲ್ಲ. ಅಮೆರಿಕದ ತತ್ವಜ್ಞಾನಿ ಕ್ವೈನ್ ಆ ಪದಗಳೇ ಇಲ್ಲದೆ ಅದೇ ಕೆಲಸ ಮಾಡುವ ವಾಕ್ಯವೊಂದನ್ನು ಕಟ್ಟಿದ್ದರು. ಕನ್ನಡದಲ್ಲಿ ಅದು ಬಹಳ ಸಲೀಸಾಗಿ ಬರುತ್ತದೆ, ಯಾಕಂದರೆ ನಾವು ಮೊದಲು ಮಾತು ಹೇಳಿ ಆಮೇಲೆ "ಎಂಬ" ಅಂತ ಸೇರಿಸುವವರು. ನಿಧಾನವಾಗಿ ಓದಿ:

"ಎಂಬ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು, ಅದರ ಬೆನ್ನಿಗೇ ಅದೇ ಮಾತನ್ನು ಇನ್ನೊಮ್ಮೆ ಬರೆದರೆ ಸುಳ್ಳು ವಾಕ್ಯ ಸಿಗುತ್ತದೆ" ಎಂಬ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು, ಅದರ ಬೆನ್ನಿಗೇ ಅದೇ ಮಾತನ್ನು ಇನ್ನೊಮ್ಮೆ ಬರೆದರೆ ಸುಳ್ಳು ವಾಕ್ಯ ಸಿಗುತ್ತದೆ.

ಅದು ಹೇಳಿದ ಹಾಗೆ ಮಾಡಿ ನೋಡಿ. ಚಿಹ್ನೆಯೊಳಗೆ ಇಟ್ಟು, ಬೆನ್ನಿಗೆ ಇನ್ನೊಮ್ಮೆ ಬರೆದರೆ ಏನು ಸಿಗುತ್ತದೆ? ಅದೇ ವಾಕ್ಯ, ಅಕ್ಷರ ಅಕ್ಷರವೂ ಅದೇ. ಅಂದರೆ ಅದು ತನ್ನನ್ನೇ ಸುಳ್ಳು ಅನ್ನುತ್ತಿದೆ, "ಈ", "ನಾನು", "ತಾನು" ಯಾವುದೂ ಇಲ್ಲದೆ. ಪದ ನಿಷೇಧ ಮಾಡಿ ಗೆಲ್ಲಲು ಹೋದರೆ ಉದ್ಧರಣ ಚಿಹ್ನೆಯನ್ನೂ ಬರವಣಿಗೆಯನ್ನೂ ನಿಷೇಧ ಮಾಡಬೇಕಾಗುತ್ತದೆ.

ತತ್ವಜ್ಞಾನಿ ಸ್ಟೀಫನ್ ಯಾಬ್ಲೊ 1993ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೊನೆಯೇ ಇಲ್ಲದ ಒಂದು ಸರದಿ ಸಾಲು ಊಹಿಸಿಕೊಳ್ಳಿ. ಪ್ರತಿಯೊಬ್ಬರೂ "ನನ್ನ ಹಿಂದೆ ಇರುವವರೆಲ್ಲ ಹೇಳುತ್ತಿರುವುದು ಸುಳ್ಳು" ಅನ್ನುತ್ತಾರೆ. ಯಾರೂ ತಮ್ಮ ಬಗ್ಗೆ ಮಾತಾಡುತ್ತಿಲ್ಲ. ಮೊದಲನೆಯವರು ಹೇಳಿದ್ದು ನಿಜ ಅಂದರೆ ಎರಡನೆಯವರದ್ದು ಸುಳ್ಳು, ಅವರ ಹಿಂದಿನವರದ್ದೂ ಸುಳ್ಳು. ಆದರೆ ತನ್ನ ಹಿಂದಿನವರೆಲ್ಲ ಹೇಳುವುದು ಸುಳ್ಳು ಅಂತಲೇ ಎರಡನೆಯವರು ಹೇಳಿದ್ದು, ಹಾಗಾದರೆ ಅವರು ಹೇಳಿದ್ದು ನಿಜ. ಮುರಿಯಿತು. ಮೊದಲನೆಯವರು ಹೇಳಿದ್ದು ಸುಳ್ಳು ಅಂದರೆ ಹಿಂದೆ ಯಾರೋ ಒಬ್ಬರದ್ದು ನಿಜ, ಅವರ ಮೇಲೆ ಇದೇ ಲೆಕ್ಕ ಹಾಕಿ, ಮತ್ತೆ ಮುರಿಯುತ್ತದೆ. ಈ ಸಾಲಿನ ಒಳಗೆ ಎಲ್ಲೋ ಸ್ವಂತದ ಉಲ್ಲೇಖ ಅಡಗಿದೆ ಅಂತ ಕೆಲವರು ವಾದಿಸುತ್ತಾರೆ, ಅಡಗಿಲ್ಲ ಅಂತ ಕೆಲವರು. ನಾನು ಎರಡನೆಯವರ ಕಡೆಗೆ ವಾಲುತ್ತೇನೆ.

ಗೋಕಾಕದ ಕಟ್ಟೆಯ ಮೇಲೆ

ಇಂಥವೆಲ್ಲ ಬೇಕಂತ ಕಟ್ಟಿದ ವಾಕ್ಯಗಳು, ನಿತ್ಯದ ಮಾತಿನಲ್ಲಿ ಎಲ್ಲಿ ಬರುತ್ತವೆ ಅಂತ ಕೇಳುವವರಿಗೆ ಇದು. ಗೋಕಾಕದಲ್ಲಿ ಒಂದು ಕಟ್ಟೆಯ ಮೇಲೆ ಬಸಪ್ಪ, ಮಲ್ಲಪ್ಪ ಕೂತಿದ್ದಾರೆ ಅಂದುಕೊಳ್ಳಿ. ಬಸಪ್ಪ ಇಡೀ ದಿನ ಆಡಿದ್ದು ಮೂರೇ ಮಾತು: "ಇವತ್ತು ಬೆಳಿಗ್ಗೆ ಗೋಕಾಕದಲ್ಲಿ ಮಳೆ ಆಯಿತು." "ಘಟಪ್ರಭಾ ಹೋಗಿ ಸೇರುವುದು ಭೀಮಾ ನದಿಗೆ." "ಮಲ್ಲಪ್ಪ ಇವತ್ತು ಹೇಳಿದ್ದೆಲ್ಲ ನಿಜ." ಮಲ್ಲಪ್ಪ ಇಡೀ ದಿನ ಆಡಿದ್ದು ಒಂದೇ ಮಾತು: "ಬಸಪ್ಪ ಇವತ್ತು ಹೇಳಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಸುಳ್ಳು."

ಘಟಪ್ರಭಾ ಸೇರುವುದು ಕೃಷ್ಣೆಗೆ, ಹಾಗಾಗಿ ಬಸಪ್ಪನ ಎರಡನೇ ಮಾತು ಸುಳ್ಳು. ಬೆಳಿಗ್ಗೆ ಮಳೆ ಆಗಿರಲಿಲ್ಲ ಅಂದರೆ ಮೊದಲನೆಯದೂ ಸುಳ್ಳು, ಮೂರರಲ್ಲಿ ಎರಡು ಸುಳ್ಳಾಯಿತು, ಮಲ್ಲಪ್ಪ ಹೇಳಿದ್ದು ನಿಜ, ಬಸಪ್ಪನ ಮೂರನೇ ಮಾತೂ ನಿಜ. ಎಲ್ಲ ನೆಟ್ಟಗಿದೆ. ಮಳೆ ಆಗಿತ್ತು ಅಂದರೆ? ಒಂದು ನಿಜ, ಒಂದು ಸುಳ್ಳು, ಎಲ್ಲವೂ ಮೂರನೆಯದರ ಮೇಲೆ ನಿಂತಿತು. ಮಲ್ಲಪ್ಪ ಹೇಳಿದ್ದು ನಿಜವಾಗಬೇಕಾದರೆ ಮೂರನೆಯದು ಸುಳ್ಳಾಗಬೇಕು, ಮೂರನೆಯದು ಸುಳ್ಳಾದರೆ ಮಲ್ಲಪ್ಪ ಹೇಳಿದ್ದು ನಿಜವಲ್ಲ. ಮಲ್ಲಪ್ಪ ಹೇಳಿದ್ದು ಸುಳ್ಳಾದರೆ ಮೂರನೆಯದು ನಿಜ, ಅಂದರೆ ಮಲ್ಲಪ್ಪ ಹೇಳಿದ್ದು ನಿಜ. ಎರಡೂ ಕಡೆ ಮುರಿಯಿತು.

ಇದನ್ನು ಸ್ವಲ್ಪ ಹೊತ್ತು ನೋಡಿ. ವಾಕ್ಯಗಳಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಇಬ್ಬರೂ ಏನೂ ಕುತಂತ್ರ ಮಾಡಿಲ್ಲ. ಬೆಳಿಗ್ಗೆ ಮಳೆ ಬಂತೋ ಇಲ್ಲವೋ ಅನ್ನುವುದರ ಮೇಲೆ ಪ್ಯಾರಡಾಕ್ಸ್ ಹುಟ್ಟುತ್ತದೆ ಅಥವಾ ಹುಟ್ಟುವುದಿಲ್ಲ. 1975ರಲ್ಲಿ ಅಮೆರಿಕದ ತತ್ವಜ್ಞಾನಿ ಸಾಲ್ ಕ್ರಿಪ್ಕಿ ತಮ್ಮ ಪ್ರಸಿದ್ಧ ಲೇಖನದಲ್ಲಿ ತೋರಿಸಿದ್ದು ಇಂಥದ್ದನ್ನೇ: ವಾಕ್ಯದ ಮುಖ ನೋಡಿ ಇದು ಅಪಾಯದ್ದು ಅಂತ ಮೊದಲೇ ಗುರುತಿಸಿ ಹೊರಗಿಡುವ ಯಾವ ವ್ಯಾಕರಣ ನಿಯಮವೂ ಇರಲಾರದು. ನನಗೆ ಈ ಇಡೀ ವಿಷಯದ ಹೃದಯ ಇಲ್ಲಿದೆ.

ಹೊರಗೆ ಬರುವ ದಾರಿಗಳು, ಮತ್ತು ಅವುಗಳ ಬೆಲೆ

5ನೇ ಶತಮಾನದ ಸಂಸ್ಕೃತ ವ್ಯಾಕರಣಕಾರ ಭರ್ತೃಹರಿ ತನ್ನ ವಾಕ್ಯಪದೀಯ ಗ್ರಂಥದಲ್ಲಿ "ನಾನು ಹೇಳುವುದೆಲ್ಲ ಸುಳ್ಳು" ಅನ್ನುವ ಮಾತನ್ನು ಎತ್ತಿಕೊಳ್ಳುತ್ತಾನೆ. ಹಾಗೆ ಹೇಳುವವನು ಆ ಮಾತನ್ನು ಆ "ಎಲ್ಲ"ದೊಳಗೆ ಸೇರಿಸಿ ಹೇಳುವುದಿಲ್ಲ ಅನ್ನುವುದು ಅವನ ಉತ್ತರ. ನಿತ್ಯದ ಮಾತಿಗೆ ಇದು ನನಗೆ ಬಹಳ ಒಪ್ಪಿಗೆಯಾಗುತ್ತದೆ, ಜನ ಮಾತಾಡುವ ರೀತಿ ಹಾಗೇ ಇದೆ. ಪೋಲೆಂಡಿನ ಆಲ್ಫ್ರೆಡ್ ಟಾರ್ಸ್ಕಿ 1933ರಲ್ಲಿ ಇನ್ನೂ ಬಿಗಿಯಾದ ದಾರಿ ಕೊಟ್ಟರು. ಒಂದು ಭಾಷೆಯ ವಾಕ್ಯ ನಿಜವೋ ಸುಳ್ಳೋ ಅಂತ ಹೇಳುವ ಕೆಲಸವನ್ನು ಆ ಭಾಷೆಯೇ ಮಾಡಬಾರದು, ಅದರ ಮೇಲಿನ ಹಂತದ ಭಾಷೆ ಮಾಡಬೇಕು. ಗಣಿತಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಆದರೆ ಕನ್ನಡದಲ್ಲಿ ನಾವು ಎಲ್ಲದಕ್ಕೂ ಒಂದೇ "ನಿಜ" ಬಳಸುತ್ತೇವೆ, ಮೇಲಾಗಿ ಬಸಪ್ಪ ಮಲ್ಲಪ್ಪರಲ್ಲಿ ಯಾರು ಮೇಲಿನ ಹಂತ, ಯಾರು ಕೆಳಗಿನ ಹಂತ? ಕ್ರಿಪ್ಕಿಯ ದಾರಿಯಲ್ಲಿ ಹಂತಗಳಿಲ್ಲ. ಮಳೆ, ನದಿಯಂಥ ಲೋಕದ ಸಂಗತಿಯವರೆಗೆ ಇಳಿದು ನೆಲ ಮುಟ್ಟುವ ವಾಕ್ಯಗಳಿಗೆ ಮಾತ್ರ ನಿಜ ಅಥವಾ ಸುಳ್ಳು ಅನ್ನುವ ಬೆಲೆ ಸಿಗುತ್ತದೆ, ನೆಲ ಮುಟ್ಟದ ವಾಕ್ಯಗಳು ಎರಡೂ ಅಲ್ಲದೆ ಉಳಿಯುತ್ತವೆ. ತತ್ವಜ್ಞಾನಿ ಗ್ರಹಾಂ ಪ್ರೀಸ್ಟ್ 1979ರಿಂದ ವಾದಿಸುತ್ತಿರುವುದು ಇದಕ್ಕೆ ಉಲ್ಟಾ: ಸುಳ್ಳುಗಾರನ ವಾಕ್ಯ ನಿಜವೂ ಹೌದು, ಸುಳ್ಳೂ ಹೌದು. ಇದನ್ನು ಒಪ್ಪಿದರೆ, ಒಂದು ವಿರೋಧದಿಂದ (ಒಂದೇ ಮಾತು ನಿಜವೂ ಸುಳ್ಳೂ ಆಗುವುದರಿಂದ) ಏನನ್ನು ಬೇಕಾದರೂ ಸಾಬೀತು ಮಾಡಬಹುದು ಅನ್ನುವ ಹಳೆಯ ನಿಯಮವನ್ನು ಬಿಡಬೇಕು.

ನೀವು ಯಾವ ದಾರಿ ಹಿಡಿದರೂ ಒಂದು ಪರೀಕ್ಷೆ ಮಾಡದೆ ಬಿಡಬೇಡಿ. ನಿಮ್ಮ ಉತ್ತರದಲ್ಲಿ ಬಳಸಿದ ಪದವನ್ನೇ ತೆಗೆದು ಸುಳ್ಳುಗಾರನ ಬಾಯಿಗೆ ಹಾಕಿ. "ನಿಜವೂ ಅಲ್ಲ, ಸುಳ್ಳೂ ಅಲ್ಲ" ಅಂತ ಉತ್ತರ ಕೊಟ್ಟಿರಾ? ಹಾಗಾದರೆ "ಈ ವಾಕ್ಯ ನಿಜವಲ್ಲ" ಅಂತ ಬರೆಯಿರಿ. ಎರಡೂ ಅಲ್ಲ ಅಂದರೆ ನಿಜವಲ್ಲ ಅಂತಾಯಿತು, ಅದು ಹೇಳುತ್ತಿರುವುದೂ ಅದನ್ನೇ, ಹಾಗಾದರೆ ನಿಜ. "ಅರ್ಥವಿಲ್ಲ" ಅಂದಿರಾ? "ಈ ವಾಕ್ಯ ನಿಜವಲ್ಲ ಅಥವಾ ಅರ್ಥವಿಲ್ಲದ್ದು" ಅಂತ ಬರೆದು ನೋಡಿ. ಈ ಪರೀಕ್ಷೆಯಲ್ಲಿ ಗಾಯವಾಗದೆ ಪಾರಾದ ಉತ್ತರವನ್ನು ನಾನು ಇನ್ನೂ ಕಂಡಿಲ್ಲ, ಆದರೆ ಎಲ್ಲಿ ಗಾಯವಾಗುತ್ತದೆ ಅನ್ನುವುದರಿಂದ ಆ ಉತ್ತರ ಏನನ್ನು ಮುಚ್ಚಿಟ್ಟಿತ್ತು ಅಂತ ಗೊತ್ತಾಗುತ್ತದೆ.

ವಾದದಲ್ಲಿ ಬಳಸುವಾಗ

ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಿ ಒಬ್ಬರು "ಪರಮ ಸತ್ಯ ಅನ್ನುವುದೇ ಇಲ್ಲ" ಅನ್ನುತ್ತಾರೆ, ಎದುರಿನವರು "ಇದು ಪರಮ ಸತ್ಯವಾ?" ಅಂತ ಕೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಅಷ್ಟಕ್ಕೇ ಗೆದ್ದೆ ಅಂದುಕೊಳ್ಳಬೇಡಿ. ಬೌದ್ಧ ತತ್ವಜ್ಞಾನಿ ನಾಗಾರ್ಜುನನ ಮುಂದೆ ಇದೇ ಪ್ರಶ್ನೆ ಬಂದಿತ್ತು. ಎಲ್ಲವೂ ಶೂನ್ಯ ಅಂದರೆ ನಿನ್ನ ಮಾತೂ ಶೂನ್ಯ, ಅದರಿಂದ ಏನನ್ನು ಖಂಡಿಸುತ್ತೀಯ ಅಂತ. ಅವನು ವಿಗ್ರಹವ್ಯಾವರ್ತನಿ ಅನ್ನುವ ಗ್ರಂಥದಲ್ಲಿ ಈ ಆಕ್ಷೇಪವನ್ನು ತಾನೇ ಬರೆದುಕೊಂಡು ಉತ್ತರಿಸುತ್ತಾನೆ: ನನ್ನದು ಅಂತ ಒಂದು ಪ್ರತಿಜ್ಞೆ (ಸಾಧಿಸಲು ಹೊರಟ ವಾದ) ಇದ್ದಿದ್ದರೆ ಈ ದೋಷ ನನಗೆ ತಟ್ಟುತ್ತಿತ್ತು, ನನಗೆ ಪ್ರತಿಜ್ಞೆಯೇ ಇಲ್ಲ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ಎದುರಾಳಿಗೆ ಇಷ್ಟು ಜಾಗ ಕೊಟ್ಟು ಆಮೇಲೆ ವಾದ ಮಾಡಿ.

ಕೂಡಲಸಂಗಮದ ಕಡೆಯವರಾದ ನಮಗೆ ಇನ್ನೊಂದು ಎಚ್ಚರವೂ ಬೇಕು. ಅಲ್ಲಮಪ್ರಭುವಿನ ಬೆಡಗಿನ ವಚನಗಳನ್ನು ಹಾಳೆಯ ಗೆರೆಯ ಮೇಲೆ ಇಟ್ಟು ನಿಜ-ಸುಳ್ಳು ಅಂತ ಒಡೆಯಲು ಹೋಗಬೇಡಿ. ಅಲ್ಲಿ ಮಾತು ಬೇರೆ ಕೆಲಸ ಮಾಡುತ್ತಿದೆ, ಸಂಕೇತ ಬಿಡಿಸಬೇಕು, ಅನುಭಾವದ ಸಂದರ್ಭ ತಿಳಿದಿರಬೇಕು. ವಿರೋಧ ಕಂಡಲ್ಲೆಲ್ಲ ತಾರ್ಕಿಕ ಪ್ಯಾರಡಾಕ್ಸ್ ಇರುವುದಿಲ್ಲ.

ತರ್ಕಶಾಸ್ತ್ರಜ್ಞ ಗೋಡೆಲ್ ಹೆಸರನ್ನೂ ಜನ ಹೀಗೇ ಎಲ್ಲೆಂದರಲ್ಲಿ ಎಳೆದು ತರುತ್ತಾರೆ. 1931ರಲ್ಲಿ ಅವರು ಮಾಡಿದ್ದು ಇಷ್ಟು: "ಸುಳ್ಳು" ಅನ್ನುವ ಜಾಗದಲ್ಲಿ "ಈ ವ್ಯವಸ್ಥೆಯಲ್ಲಿ ಸಾಬೀತಾಗದು" ಅಂತ ಇಟ್ಟು, ಅದನ್ನು ಸಂಖ್ಯೆಗಳ ಬಗೆಗಿನ ವಾಕ್ಯವಾಗಿ ಬರೆದರು. ಆಗ ವಿರೋಧ ಹುಟ್ಟುವುದಿಲ್ಲ, ಪ್ರಮೇಯ ಹುಟ್ಟುತ್ತದೆ. ಸಾಕಷ್ಟು ಅಂಕಗಣಿತ ಇರುವ, ಒಳಗೆ ವಿರೋಧ ಇಲ್ಲದ, ನಿಯಮಗಳನ್ನು ಯಾಂತ್ರಿಕವಾಗಿ ಪಟ್ಟಿ ಮಾಡಬಹುದಾದ ಯಾವ ವ್ಯವಸ್ಥೆಯಲ್ಲೂ, ಸಾಬೀತು ಮಾಡಲೂ ಆಗದ, ಅಲ್ಲಗಳೆಯಲೂ ಆಗದ ವಾಕ್ಯ ಉಳಿಯುತ್ತದೆ. ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ ಅಂತ ಅದರ ಅರ್ಥ ಅಲ್ಲ. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವವರಿಗೆ ಇದರ ತಮ್ಮನ ಪರಿಚಯ ಇರುತ್ತದೆ: ಯಾವ ಪ್ರೋಗ್ರಾಂ ಕೊಟ್ಟರೂ ಅದು ನಿಲ್ಲುತ್ತದೋ ಇಲ್ಲವೋ ಅಂತ ಹೇಳಬಲ್ಲ ಪ್ರೋಗ್ರಾಂ ಇರಲಾರದು. 1936ರ ಅಲನ್ ಟ್ಯೂರಿಂಗ್ ಅವರ ಕೆಲಸದಿಂದ ಬಂದ ಫಲ ಅದು.

ಕೊನೆಗೆ ಒಂದು ಅಭ್ಯಾಸ, ಇದು ಅಮೆರಿಕದ ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ 1942ರಲ್ಲಿ ತೋರಿಸಿದ ಬಗೆಯದು. ಇದರಲ್ಲಿ "ಅಲ್ಲ", "ಸುಳ್ಳು" ಯಾವುದೂ ಇಲ್ಲ. ವಾಕ್ಯ ಕ: "ಕ ನಿಜವಾಗಿದ್ದರೆ ಗೋಲಗುಮ್ಮಟ ಬಾದಾಮಿಯಲ್ಲಿದೆ." ಹಾಳೆಯ ಮೇಲೆ ಹೀಗೆ ಬರೆಯಿರಿ. ಮೊದಲ ಸಾಲು: ಕ ನಿಜ ಅಂತ ಇಟ್ಟುಕೊಳ್ಳೋಣ. ಎರಡನೇ ಸಾಲು: ಹಾಗಾದರೆ ಅದು ಹೇಳುವುದೂ ನಿಜ, ಅಂದರೆ ಕ ನಿಜವಾಗಿದ್ದರೆ ಗೋಲಗುಮ್ಮಟ ಬಾದಾಮಿಯಲ್ಲಿದೆ. ಮೂರನೇ ಸಾಲು: ಕ ನಿಜ ಅಂತ ಇಟ್ಟುಕೊಂಡಿದ್ದೇವಲ್ಲ, ಹಾಗಾಗಿ ಗೋಲಗುಮ್ಮಟ ಬಾದಾಮಿಯಲ್ಲಿದೆ. ನಾಲ್ಕನೇ ಸಾಲು: ಕ ನಿಜ ಅಂತ ಇಟ್ಟುಕೊಂಡರೆ ಗೋಲಗುಮ್ಮಟ ಬಾದಾಮಿಯಲ್ಲಿದೆ ಅಂತ ಈಗಷ್ಟೇ ತೋರಿಸಿದೆವು, ಕ ಹೇಳುವುದೂ ಅದನ್ನೇ, ಆದ್ದರಿಂದ ಕ ನಿಜ. ಐದನೇ ಸಾಲು: ಕ ನಿಜ, ಹಾಗಾಗಿ ಗೋಲಗುಮ್ಮಟ ಬಾದಾಮಿಯಲ್ಲಿದೆ. ಅದು ವಿಜಯಪುರದಲ್ಲಿದೆ ಅಂತ ನಮಗೆಲ್ಲ ಗೊತ್ತು. ಐದರಲ್ಲಿ ಯಾವ ಸಾಲನ್ನು ನೀವು ಒಪ್ಪುವುದಿಲ್ಲ? "ನಿಜವೂ ಹೌದು ಸುಳ್ಳೂ ಹೌದು" ಅನ್ನುವ ಉತ್ತರಕ್ಕೆ ಇಲ್ಲಿ ಹಿಡಿದುಕೊಳ್ಳಲು "ಅಲ್ಲ" ಅನ್ನುವ ಪದವೇ ಸಿಗುವುದಿಲ್ಲ. ಮೊದಲ ಸಾಲಿನ ಊಹೆಯನ್ನು ಎಷ್ಟು ಸಲ ಬಳಸಿದ್ದೇವೆ ಅಂತ ಎಣಿಸಿ, ಒಂದೇ ಊಹೆಯನ್ನು ಎರಡು ಸಲ ಬಳಸಬಾರದು ಅಂತ ಹೇಳುವ ತರ್ಕಶಾಸ್ತ್ರಜ್ಞರೂ ಇದ್ದಾರೆ. ಅವರ ಮಾತು ಒಪ್ಪುವುದಾದರೆ, ನಿಮ್ಮ ಹತ್ತನೇ ತರಗತಿಯ ರೇಖಾಗಣಿತದ ಸಾಧನೆಯೊಂದನ್ನು ತೆಗೆದು, ಆ ನಿಯಮ ಬಂದರೆ ಅದರಲ್ಲಿ ಎಷ್ಟು ಸಾಲು ಉಳಿಯುತ್ತದೆ ಅಂತಲೂ ನೋಡಿ.